ಅಪ್ಪಾರು ಉಂಡ ತಾಟು

ತುರ್ಭೆ ಮಠ, ಕೆಳಗಿನ ಖೋಲಿ

ಹಿರೇ ಅಕ್ಕಾರಿಗೆ ಪದ್ಮಾವತಿಯ ಶರಣು.

ನಮ್ಮಿಬ್ಬರ ಗಂಡ, ಭಕ್ತರ ಅಪ್ಪಾರು, ಮೌನ ಹಿಡಿದು ನಿಮ್ಮ ಮ್ಯಾಲಿನ ಖೋಲಿ ಸೇರಿದಾಗಿಂದ ನಾ ಅವರ ಮಾರಿ ನೋಡಿಲ್ಲ. ಕಿರೇ ಹೆಂಡತಿ ಬರೋದು ಬ್ಯಾಡ ಅಂತ ಅವರೇ ಸನ್ನೆ ಮಾಡ್ಯಾರ ಅಂದ್ರಿ, ಸುಮ್ಮನಾದೆ. ಮಠದ ಗಾದಿ ನಿಮ್ಮ ಮಗ ರೇವಣಸಿದ್ದಗ ಅಂತಲೂ ಸನ್ನೆ ಮಾಡ್ಯಾರಂತ. ಕಲ್ಯಾಣದ ಭಕ್ತರು ನಂಬ್ಯಾರ.

ಪದ್ಧತಿ ಬಿಡದಂಗ, ಅಪ್ಪಾರು ಉಂಡು ಬಿಟ್ಟ ತಾಟು ದಿನಾ ನನಗ ಪ್ರಸಾದ ಅಂತ ಕಳಸ್ತೀರಿ. ಭಾಳ ಉಪಕಾರ. ನಿನ್ನಿ ತಾಟಿನಾಗ ಅರ್ಧ ಕಡಿದ ಸೌತಿಕಾಯಿ ಇತ್ತು. ಕಡಿದಲ್ಲಿ ಹಲ್ಲಿನ ಗುರುತು ಸಾಲಾಗಿ, ಚಂದಾಗಿ ಮೂಡಿದ್ವು.

ಅಪ್ಪಾರ ಬಾಯಾಗ ಒಂದು ಹಲ್ಲೂ ಇಲ್ಲ ಅಕ್ಕಾ. ಇಷ್ಟು ವರ್ಷ ಹಾಲಿನಾಗ ರೊಟ್ಟಿ ನೆನಸಿ ಉಣಿಸಿದಾಕಿ ನಾನು. ಅಂಥ ಗಟ್ಟಿ ಹಲ್ಲು ಮ್ಯಾಲಿನ ಖೋಲಿಯಾಗ ರೇವಣಸಿದ್ದಗ ಮಾತ್ರ ಅದಾವ.

ಇವತ್ತು ಮಧ್ಯಾಹ್ನ ನೆನಸಿದ ರೊಟ್ಟಿ ತಗೊಂಡು ನಾನೇ ಬರ್ತೀನಿ, ಸಂಗಾಟ ಕಲ್ಯಾಣದ ಹಿರೇರೂ ಬರ್ತಾರ. ಬಾಗಿಲು ತೆಗೆದಿಡ್ರಿ. ಅಪ್ಪಾರು ಇಲ್ಲಂದ್ರ ಈಗಲೇ ಹೇಳಿ ಕಳಸ್ರಿ. ನಾನೂ ಬಳಿ ತೆಗೀಬೇಕಲ್ಲ.

ನಿಮ್ಮ ತಂಗಿ,
ಪದ್ಮಾವತಿ