ಮೂರನೆಯ ಸಲ ಸೆಗಣಿ ಕೇಳುವ ಮುನ್ನ

ಕೊಳಚೆ ನೀರು ಶುದ್ಧೀಕರಣದ ಹೊಣೆ ಹೊತ್ತ ಮಾನ್ಯರೇ,

ತೊಟ್ಟಿಯ ಸೂಕ್ಷ್ಮಜೀವಿಗಳು ಸತ್ತವೆಂದು ಅವುಗಳನ್ನು ಸಾಕುತ್ತಿದ್ದ ಹಮೀದರನ್ನು ಕೆಲಸದಿಂದ ತೆಗೆಯಲು ಹೊರಟಿದ್ದೀರಿ. ವಿಷ ಸುರಿದ ಟ್ಯಾಂಕರ್ ಈ ವಾರವೂ ಬಂದು ಹೋಗಿದೆ. ಕತ್ತಲಲ್ಲಿ ಕದ್ದು ಬರುವಷ್ಟು ಭಯವೂ ಅದಕ್ಕಿಲ್ಲ. ಮಧ್ಯಾಹ್ನ ನಿಮ್ಮ ಕಚೇರಿ ಊಟಕ್ಕೆ ಎದ್ದಾಗ, ರಸ್ತೆಬದಿಯ ಮ್ಯಾನ್‌ಹೋಲಿನ ಮುಚ್ಚಳ ಸರಿಸಿ ಪೈಪು ಇಳಿಸುತ್ತದೆ. ಅಲ್ಲಿ ಸುರಿದದ್ದು ಒಳಚರಂಡಿಯಲ್ಲಿ ಹರಿದು ನಿಮ್ಮ ತೊಟ್ಟಿಗೇ ಸೇರುತ್ತದೆ.

ನಮ್ಮೆಲ್ಲರ ಮನೆಯ ಹೊಲಸನ್ನು ತಿಂದು ನೀರು ತಿಳಿಯಾಗಿಸುವುದು ಆ ಕಣ್ಣಿಗೆ ಕಾಣದ ಜೀವಿಗಳು. ಹೋದ ವರ್ಷ ಅವು ಸತ್ತಾಗ, ಹೊಸದಾಗಿ ಬೆಳೆಸಲು ಹಸಿ ಸೆಗಣಿ ಬೇಕೆಂದಿರಿ. ಕಮಲಾಪುರದ ನನ್ನ ಚಿಕ್ಕಮ್ಮ ಸೂಗಮ್ಮ ಟ್ರ್ಯಾಕ್ಟರ್ ತುಂಬ ಕಳುಹಿಸಿದರು. ಜೊತೆಗೆ ನಾನೂ ಬಂದೆ. ಹಮೀದರು ಸೆಗಣಿ ಕಲಸಿ, ಬೆಲ್ಲ ಹಾಕಿ, ಹದಿನೈದು ದಿನ ಕಾದರು. ಬೂದು ನೀರು ಕಂದಾಯಿತು, ಹಸಿಮಣ್ಣಿನ ವಾಸನೆ ಬಂತು. ಗಾಜಿನ ಜಾಡಿಯಲ್ಲಿ ಕೆಸರು ತಳಕ್ಕಿಳಿದು ತಿಳಿನೀರು ಮೇಲೆ ನಿಂತಾಗ, “ನೋಡ್ರಿ ಅಕ್ಕಾರೆ, ಬದುಕ್ಯಾವ” ಎಂದರು. ನಾನು ಮನೆಗೆ ಬಂದು ನಿಮ್ಮನ್ನು ಹೊಗಳಿ ಪತ್ರಿಕೆಗೆ ಬರೆದೆ. ಅವು ಸತ್ತದ್ದೇಕೆಂದು ಕೇಳಲಿಲ್ಲ. ನನ್ನಂತೆ ಕವಿತೆ ಓದುವವರಿಗೆ ಮರುಹುಟ್ಟು ಕಂಡರೆ ಸಾಕು, ಸಾವಿನ ಕಾರಣ ಬೇಡವಾಗುತ್ತದೆ.

ನಾಲ್ಕು ತಿಂಗಳಿಗೆ ಮತ್ತೆ ಸತ್ತವು. ಮತ್ತೆ ಸೆಗಣಿ ಕಳುಹಿಸಿದೆವು. ಈ ಸಲ ಹಮೀದರು ಕಾವಲು ಕೂತರು. ಟ್ಯಾಂಕರಿನ ನಂಬರು, ಬಂದ ಹೊತ್ತು ಬರೆದುಕೊಂಡು, ಅದು ಸುರಿದ ಹಸಿರು ನೀರನ್ನು ಸೀಸೆಯಲ್ಲಿ ಹಿಡಿದು ನಿಮ್ಮ ಮೇಜಿಗೆ ಮುಟ್ಟಿಸಿದರು. ಸೀಸೆ ಪರೀಕ್ಷೆಗೆ ಹೋಗಲಿಲ್ಲ. ಮೂರನೆಯ ಸಲ ಜೀವಿಗಳು ಸತ್ತ ಮೇಲೆ ಹಮೀದರ ಮನೆಗೆ ನೋಟಿಸು ಹೋಯಿತು: ‘ಸೂಕ್ಷ್ಮಜೀವಿಗಳ ಪಾಲನೆಯಲ್ಲಿ ನಿರ್ಲಕ್ಷ್ಯ.’ ಬಾವಿಗೆ ವಿಷ ಬಿದ್ದರೆ, ಬಿತ್ತೆಂದು ಕೂಗಿದವನ ಮೇಲೆ ಕ್ರಮವೇ? ಆ ಜೀವಿಗಳಿಗೆಂದು ತೊಟ್ಟಿಗೆ ಗಾಳಿಯೂದುವ ಯಂತ್ರ ಈಗಲೂ ತಿರುಗುತ್ತಿದೆ, ಹೆಣಕ್ಕೆ ಬೀಸಣಿಗೆ ಬೀಸಿದಂತೆ. ಶುದ್ಧವಾಗದ ನೀರು ಹಳ್ಳಕ್ಕೆ ಹರಿದು, ದನಗಳು ಅದನ್ನೇ ಕುಡಿಯುತ್ತಿವೆ.

ಮೊನ್ನೆ ನಿಮ್ಮ ನೌಕರರೊಬ್ಬರು ಸೆಗಣಿ ಕೇಳಲು ಮತ್ತೆ ಕಮಲಾಪುರಕ್ಕೆ ಹೋಗಿದ್ದರು. ಚಿಕ್ಕಮ್ಮ ಹೇಳಿದರು: “ಹೆಂಡಿ ಬೇಕಾದಷ್ಟು ಅದರೀ ಸಾಹೇಬ್ರ. ಮೊದಲ ಆ ಟ್ಯಾಂಕರ್‌ದವನ್ನ ನಿಲ್ಲಸ್ರಿ.”

“ಅದು ನಮ್ಮ ಕೆಲಸ ಅಲ್ಲಬೇ ಯವ್ವಾ.”

“ಹಂಗಾರ ಹೆಂಡಿ ಎತ್ತೋದಷ್ಟೇ ಏನ್ರಿ ನಿಮ್ಮ ಕೆಲಸ?”

ಗುರುವಾರ ಹಮೀದರ ವಿಚಾರಣೆ. ಅಂದು ಆ ಸೀಸೆಯನ್ನು ಎಲ್ಲರೆದುರು ಮೇಜಿನ ಮೇಲಿಡಿ, ಪರೀಕ್ಷೆಗೆ ಕಳುಹಿಸಿ. ಮ್ಯಾನ್‌ಹೋಲಿಗೆ ಬೀಗ ಹಾಕಿಸಿ, ಟ್ಯಾಂಕರಿನವರ ಮೇಲೆ ದೂರು ಕೊಡಿ, ನೋಟಿಸು ಹಿಂದಕ್ಕೆ ಪಡೆಯಿರಿ. ಮರುದಿನವೇ ಟ್ರ್ಯಾಕ್ಟರ್ ಬರುತ್ತದೆ. ಹಮೀದರಿಲ್ಲದ ತೊಟ್ಟಿಗೆ ಹಾಕಲು ನಮ್ಮಲ್ಲಿ ಸೆಗಣಿಯಿಲ್ಲ.

ಇಂತಿ,
ನಿಮ್ಮನ್ನು ಒಮ್ಮೆ ಹೊಗಳಿ ಬರೆದ ತಪ್ಪಿಗೆ ಈಗ ಇದನ್ನು ಬರೆಯುತ್ತಿರುವ
ಅಂಬಿಕಾ, ಜೇವರ್ಗಿ ಕಾಲೋನಿ, ಕಲಬುರಗಿ