ಮಿಲಾನಿಗೆ ಒಂಬತ್ತು ವಾರಿ

ಆಗಸ್ಟ್ 19, 2025, ಮಂಗಳವಾರ

ಬಿ.ಪಿ. ಗುಳಿಗೆ ಆಯಿತು. ನಳ ಇವತ್ತೂ ಬರಲಿಲ್ಲ. ಪೇಪರಿನಲ್ಲಿ ಮೂರು ತಪ್ಪು, ಕೆಂಪು ಪೆನ್ನಿನಿಂದ ತಿದ್ದಿಟ್ಟೆ. ಯಾರಿಗೂ ಕಳಿಸುವುದಿಲ್ಲ, ಆದರೂ ತಿದ್ದದೆ ಬಿಟ್ಟರೆ ಊಟ ಸೇರುವುದಿಲ್ಲ.

ಹನ್ನೊಂದಕ್ಕೆ ಟೂರ್ಸ್ ಆಫೀಸಿನಿಂದ ಲಕೋಟೆ ಬಂತು. ಅಕ್ಟೋಬರಿನ ಇಟಲಿ ಪ್ರವಾಸದ್ದು. ನಾನು, ಇವರು, ಗದಗ-ಬೆಟಗೇರಿಯ ಇನ್ನೂ ಇಪ್ಪತ್ತು ಜನ. ಮೂವತ್ತು ವರ್ಷ ಮಕ್ಕಳಿಗೆ ಭೂಪಟದ ಮೇಲೆ ಕೋಲಿಟ್ಟು ತೋರಿಸಿದ ದೇಶ. ಕಣ್ಣಿಂದ ನೋಡುವ ಆಸೆ.

ಲಕೋಟೆಯಲ್ಲಿ ಒಂದು ಅಚ್ಚು ಹಾಕಿಸಿದ ಚೀಟಿ: ‘ಮಿಲಾನಿಗೆ ಹೋಗುವವರು ಏನು ಉಡಬೇಕು.’ ಹನ್ನೆರಡು ಕಲಮು. ಮಿಲಾನ್ ಫ್ಯಾಶನ್ನಿನ ಊರಂತೆ. ಎದ್ದು ಕಾಣಬಾರದಂತೆ. ಕಪ್ಪು, ಬೂದು, ಕಡುನೀಲಿ. ದೊಡ್ಡ ಹೂವಿನ ಚಿತ್ರ ಬೇಡ. ಹವಾಯಿ ಚಪ್ಪಲಿ ಬೇಡ. ಇಗರ್ಜಿಯೊಳಗೆ ಹೆಗಲು, ಮೊಣಕಾಲು ಮುಚ್ಚಿರಬೇಕು. ಮಂಕಿ ಟೋಪಿ ಹಾಕಿಕೊಂಡು ಫೋಟೋ ತೆಗೆಸಬಾರದು. ನಾಲ್ಕನೆಯ ಕಲಮು — ಹೆಂಗಸರು ಸೀರೆ ಉಡತಕ್ಕದ್ದಲ್ಲ. ಪ್ಯಾಂಟು ಅಥವಾ ಚೂಡಿದಾರ ಕಡ್ಡಾಯ.

ಉಡತಕ್ಕದ್ದಲ್ಲ...

ಲಕ್ಕುಂಡಿಯ ಗುಡಿ ನೋಡಲು ಆ ದೇಶದವರು ಚಡ್ಡಿ ಹಾಕಿಕೊಂಡು ಬರುತ್ತಾರೆ. ನಮ್ಮವರು ಯಾರಾದರೂ ಬಸ್ ಸ್ಟ್ಯಾಂಡಿನಲ್ಲಿ ನಿಂತು ಚೀಟಿ ಹಂಚಿದ್ದಾರೆಯೇ? ಸಾಹೇಬರ ಕ್ಲಬ್ಬಿನ ಬಾಗಿಲಲ್ಲಿ ಧೋತರದವರನ್ನು ತಡೆಯುತ್ತಿದ್ದ ಕಾಲ ಹೋಗಿ ಎಂಬತ್ತು ವರ್ಷ ಆಗುತ್ತ ಬಂತು. ಈಗ ನಮ್ಮ ಬಾಗಿಲಲ್ಲಿ ನಾವೇ ನಿಂತಿದ್ದೇವೆ.

ಕೊನೆಯ ಸಾಲು ಮಾತ್ರ ಚೆನ್ನಾಗಿದೆ: ‘ಒಬ್ಬರಿಗೆ ಸಡಿಲ ಬಿಟ್ಟರೆ ಎಲ್ಲರಿಗೂ ಬಿಡಬೇಕಾಗುತ್ತದೆ. ನಿಯಮ ಮೀರಿದವರು ಬಸ್ಸಿನ ಹೊರಗೆ ಉಳಿಯುವರು.’ ಬರೆಯಬಲ್ಲವರು ಬರೆದದ್ದು. ಉಳಿದದ್ದೆಲ್ಲ ಕಸ.

ಆಗಸ್ಟ್ 20

ಟೂರ್ಸ್ ಆಫೀಸಿಗೆ ಎರಡು ಪುಟದ ಪತ್ರ ಬರೆದೆ. ಕೆಳಗೆ — ಜಾನಕೀಬಾಯಿ, ನಿವೃತ್ತ ಮುಖ್ಯಾಧ್ಯಾಪಕಿ. ಇವರಿಗೆ ಓದಿ ಹೇಳಿದೆ. ಪತ್ರ ಛಲೋ ಅದ, ಆದರ ಇಟಲಿ ನೋಡೂಕಿಂತ ಮೊದಲ ಇಟಲಿ ಕೂಡ ಜಗಳ ಮುಗಿಸಿಬಿಟ್ಟಿಯಲ್ಲ ಅಂದರು. ಇವರು ಆಗಲೇ ದಾದಾಪೀರನ ಹತ್ತಿರ ಕರಿ ಪ್ಯಾಂಟಿಗೆ ಅಳತೆ ಕೊಟ್ಟು ಬಂದಿದ್ದಾರೆ. ನಲವತ್ತು ವರ್ಷದ ಟೇಲರು, ಅವನೂ ಕೇಳಿದನಂತೆ — ರಾಯರ, ಯಾರರ ತೀರಿಕೊಂಡಾರೇನು, ಎರಡೆರಡು ಕರೀದು?

ನಾನು ಸೀರೆಯಲ್ಲೇ ಹೋಗುವವಳು. ಇದು ನಿಶ್ಚಯ.

ಆಗಸ್ಟ್ 23, ಶನಿವಾರ

ಪತ್ರಕ್ಕೆ ಉತ್ತರವಿಲ್ಲ. ನಾನೇ ಹೋದೆ. ಮುಳಗುಂದ ನಾಕಾದ ಹತ್ತಿರ, ಮೆಟ್ಟಿಲು ಹತ್ತಿ ಮೇಲೆ. ಮಾಲಕಿಯೇ ಇದ್ದಳು. ನಲವತ್ತರ ಆಚೆಯ ಹೆಣ್ಣುಮಗಳು, ಕಪ್ಪು ಚೂಡಿದಾರ, ಮೇಜಿನ ಮೇಲೆ ನನ್ನ ಪತ್ರ. ನನ್ನನ್ನು ಕಂಡ ಕೂಡಲೇ ಎದ್ದು ನಿಂತಳು.

“ಬರ್ರಿ ದೊಡ್ಡಕ್ಕೋರ, ಕುಂಡ್ರಿ.”

ನಮ್ಮ ಕನ್ಯಾಶಾಲೆಯವಳಂತೆ. ಸುನಿತಾ. ಬೆಟಗೇರಿಯ ನೇಕಾರರ ಮನೆ. ಯಾವ ಬ್ಯಾಚು ಅಂದರೆ, ಒಂಬತ್ತನೆಯ ತರಗತಿಯವರೆಗೆ ಇದ್ದೆ, ಆಮೇಲೆ ಬೇರೆ ಶಾಲೆಗೆ ಹೋದೆ ಅಂದಳು. ನೆನಪಾಗಲಿಲ್ಲ. ಊರಿನವರು ಹಳೆಯ ತಾರೀಖು ಬೇಕಾದರೆ ನನ್ನನ್ನು ಕೇಳುತ್ತಾರೆ, ಆದರೂ ಸಾವಿರಾರು ಹುಡುಗಿಯರು.

ನಾಲ್ಕನೆಯ ಕಲಮು ಯಾಕೆ ಎಂದು ಕೇಳಿದೆ. ಫ್ಯಾಶನ್ನಿಗಲ್ಲವಂತೆ. ಹೋದ ವರ್ಷ ಮಿಲಾನಿನ ಮೆಟ್ರೋದಲ್ಲಿ ಶಿರಹಟ್ಟಿ ಕಡೆಯ ಒಬ್ಬಾಕೆಯ ನೆರಿಗೆ ಎಸ್ಕಲೇಟರಿನ ಹಲ್ಲಿಗೆ ಸಿಕ್ಕಿತಂತೆ. ಬಿದ್ದು ಕಾಲು ಮುರಿದು, ಉಳಿದ ಪ್ರವಾಸ ಆಸ್ಪತ್ರೆಯಲ್ಲಿ. ಇವಳೇ ಹಾಸಿಗೆಯ ಪಕ್ಕ ಕೂತಿದ್ದಳಂತೆ.

ಅದು ಕಾರಣ. ಒಪ್ಪಿದೆ. ಆದರೆ ಕಾರಣ ನೆರಿಗೆಯದು, ಸೀರೆಯದಲ್ಲ. ಕಚ್ಚೆ ಹಾಕಿದ ಒಂಬತ್ತು ವಾರಿಯ ಸೀರೆಗೆ ನೆಲಕ್ಕೆ ಬೀಳುವ ನೆರಿಗೆಯೇ ಇರುವುದಿಲ್ಲ, ಎರಡೂ ಕಾಲು ಬೇರೆ ಬೇರೆ, ಪ್ಯಾಂಟಿಗಿಂತ ಏನು ಕಡಿಮೆ ಅಂದೆ.

“ಬಾಯಿಲೆ ಬ್ಯಾಡ್ರಿ, ಮಾಡಿ ತೋರಸ್ರಿ” ಅಂದಳು. “ಹುಬ್ಬಳ್ಳಿ ಸ್ಟೇಷನ್ನಿನಾಗ ಅಂಥಾದ ಮಷಿನ್ ಐತಿ. ನಾ ನಿಂತು ನೋಡ್ತೀನಿ.”

ಆ ಮಾತು ನಾನು ತರಗತಿಯಲ್ಲಿ ಆಡುತ್ತಿದ್ದದ್ದು. ನಗು ಬಂತು. ಜಾಣೆ ಹುಡುಗಿ. ಯಾಕೆ ನೆನಪಿಲ್ಲವೋ.

ಆಗಸ್ಟ್ 27

ಟ್ರಂಕಿನಿಂದ ಅವ್ವನ ಒಂಬತ್ತು ವಾರಿ ತೆಗೆದೆ. ಮಡಿಕೆಯಲ್ಲಿ ಎರಡು ಕಡೆ ಹರಿದಿತ್ತು, ಬರಿಗಣ್ಣಿಗೆ ಕಾಣದ ಹಾಗೆ ಹೊಲಿದೆ. ಉಟ್ಟು ನೋಡಿದರೆ ಕಚ್ಚೆ ನಿಲ್ಲಲಿಲ್ಲ. ನೌಕರಿ ಸೇರಿದಾಗಿನಿಂದ ಆರು ವಾರಿಯೇ. ಐವತ್ತು ವರ್ಷದ ಮೇಲೆ ಕೈ ಮರೆತಿದೆ.

ಆಗಸ್ಟ್ 30

ಇವತ್ತು ನಿಂತಿತು. ಅಟ್ಟದ ಏಣಿ ಹತ್ತಿ ಇಳಿದೆ. ಇವರು ಏಣಿ ಹಿಡಿದುಕೊಂಡು — ಮಿಲಾನಿನಾಗ ಏಣಿ ಅದಾವೇನ?

ಕರಿ ಬೂಟೂ ತಂದೆ. ಚಪ್ಪಲಿ ಬೇಡ ಎಂಬ ಐದನೆಯ ಕಲಮಿನಲ್ಲಿ ತಪ್ಪಿಲ್ಲ. ಒಳ್ಳೆಯದನ್ನು ಒಪ್ಪಿಕೊಳ್ಳಬೇಕು. ಮಂಕಿ ಟೋಪಿಯ ಕಲಮನ್ನು ಇವರಿಗೆ ನಾನೇ ಎರಡು ಸಲ ಓದಿ ಹೇಳಿದೆ.

ಸೆಪ್ಟೆಂಬರ್ 3, ಬುಧವಾರ

ಹುಬ್ಬಳ್ಳಿ. ಬೆಳಗಿನ ಗಾಡಿ. ಸುನಿತಾಳ ಜೊತೆ ಅವಳ ತಾಯಿ ರಾಮವ್ವನೂ ಬಂದಿದ್ದಳು — ದೊಡ್ಡಕ್ಕೋರು ಮಷಿನ್ ಹತ್ತೂದು ನೋಡಬೇಕಂತ.

ಹತ್ತಿದೆ. ಮೊದಲ ಸಲ ಪಕ್ಕದ ಪಟ್ಟಿ ಗಟ್ಟಿಯಾಗಿ ಹಿಡಿದೆ. ಎರಡನೆಯ ಸಲ ಕೈ ಬಿಟ್ಟೆ. ಆರು ಸಲ. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದೆ, ನೂಲೂ ತಾಗಲಿಲ್ಲ. ಮೆಟ್ಟಿಲ ಮೇಲಿದ್ದ ಮಂದಿ ನಿಂತು ನೋಡಿದರು. ಒಬ್ಬ ವಿಡಿಯೋ ಮಾಡಿದ. ಮಾಡಲಿ.

ಸುನಿತಾ ಕೈಕಟ್ಟಿ ನಿಂತು ಎಣಿಸಿದಳು. ಆತ್ರಿ, ನೀವು ಗೆದ್ರಿ ಅಂದಳು.

ಆಮೇಲೆ ಚಹಾ. ರಾಮವ್ವ ಬಸಿಯಲ್ಲಿ ಚಹಾ ಹಾಕಿಕೊಂಡು, ನಗುತ್ತ, ಏನೂ ವಿಷವಿಲ್ಲದೆ ಅಂದಳು:

“ಆವತ್ತ ಬಸ್ಸಿನಾಗ ಹತ್ತಿಸಿಕೊಳ್ಳಲಿಲ್ಲಲ್ರಿ ಈಕಿನ, ಅದಕ್ಕ ಈಗ ತಾನ ಬಸ್ಸ ತುಂಬಾಕತ್ತಾಳ.”

ಏನೆಂದು ಕೇಳಿದೆ. ಶಾಲೆಯ ಬಾದಾಮಿ ಪ್ರವಾಸ. ಮಗ್ಗದಲ್ಲಿ ಉಳಿದ ರೇಷ್ಮೆ ಎರಡು ವರ್ಷ ಕೂಡಿಸಿಟ್ಟು, ದಡಿ ಹಚ್ಚಿ, ಲಂಗ ಹೊಲಿಸಿದ್ದಳಂತೆ ರಾಮವ್ವ. ಮಗಳು ಮೊದಲ ಸಲ ಊರು ಬಿಟ್ಟು ಹೋಗುತ್ತಾಳೆಂದು. ಯೂನಿಫಾರ್ಮ್ ಇಲ್ಲವೆಂದು ನಾನು ಇಳಿಸಿದ್ದೆ.

ಲಂಗ ಅಂದ ಕೂಡಲೇ ಎಲ್ಲ ಎದ್ದು ಬಂತು. ಶಾಲೆಯ ಗೇಟು. ಥಂಡಿ. ಎಂಜಿನ್ ಚಾಲೂ ಆಗಿದ್ದ ಬಸ್ಸು.

ರಾಮವ್ವ ಬಿಸ್ಕೀಟು ತರಲು ಎದ್ದಾಗ ಸುನಿತಾಳನ್ನು ಕೇಳಿದೆ — ಚೀಟಿಯ ಕೊನೆಯ ಸಾಲು ನೀನು ಬರೆದದ್ದೇ? ಅಲ್ಲ ಅಂದಳು. ನಿಮ್ಮದು. ನೋಟಿಸ್ ಬೋರ್ಡಿನಿಂದ ಆವತ್ತೇ ಬರೆದುಕೊಂಡಿದ್ದೆ. ಮನೆಯಲ್ಲಿ ಯಾಕೆ ವಾಪಸ್ ಬಂದಿ ಅಂತ ಕೇಳಿದರೆ ತೋರಿಸಲು ಬೇಕಿತ್ತು.

ನನ್ನ ವಾಕ್ಯ. ನಾನೇ ಹೊಗಳಿದ್ದೆ.

ಆಮೇಲೆ ಬಟ್ಟಲು ನೋಡುತ್ತ ಮೆಲ್ಲಗೆ ಕೇಳಿದಳು: “ಒಬ್ಬರಿಗೆ ಸಡಿಲ ಬಿಟ್ರ ಅಂತ ಬರದಿದ್ರಿ. ಬಸ್ಸಿನ ಕಿಡಕ್ಯಾಗ ಯಾರು ಕುಂತಿದ್ರು, ನೆನಪೈತೇನ್ರಿ?”

ನೆನಪಿಲ್ಲ ಅಂದೆ.

ಸೆಪ್ಟೆಂಬರ್ 4

1998ರ ದಿನಚರಿ ಹುಡುಕಿ ತೆಗೆದೆ. ಜನವರಿ 17, ಶನಿವಾರ: ‘ಬಾದಾಮಿ ಪ್ರವಾಸ ಸುಸೂತ್ರ. 46 ಹುಡುಗಿಯರು. ಒಬ್ಬಳು ಬರಲಿಲ್ಲ.’

ಸುಳ್ಳು. ಬಂದಿದ್ದಳು. ಎಲ್ಲರಿಗಿಂತ ಮೊದಲು ಬಂದು ಗೇಟಿನ ಹತ್ತಿರ ನಿಂತಿದ್ದಳು. ಬುತ್ತಿಗಂಟು ಹಿಡಿದುಕೊಂಡು.

ಯಾರೂ ಓದದ ಪುಸ್ತಕ. ಇದರಲ್ಲೂ ಸುಳ್ಳು ಬರೆದಿದ್ದೇನೆ.

ಸೆಪ್ಟೆಂಬರ್ 15, ಸೋಮವಾರ

ಹತ್ತು ದಿನ ಬರೆಯಲಿಲ್ಲ. ಪೇಪರು ತಿದ್ದಲಿಲ್ಲ. ಇವರು ಎರಡು ಸಲ ಬಿ.ಪಿ. ನೋಡಿಸಿದರು.

ಇವತ್ತು ಕುಳಿತೆ. ನಮ್ಮ ಶಾಲೆಯಲ್ಲಿ ತಪ್ಪು ಮಾಡಿದ ಹುಡುಗಿ ಬಾಯಿಯಿಂದ ಕ್ಷಮೆ ಕೇಳಿದರೆ ನಡೆಯುತ್ತಿರಲಿಲ್ಲ. ಬರೆದು ಕೊಡಬೇಕು, ಪಾಲಕರ ಸಹಿ ಇರಬೇಕು. ನಾನೇ ಮಾಡಿದ ಪದ್ಧತಿ. ಆ ಪ್ರಕಾರವೇ ಬರೆದೆ. ‘1998ರ ಪ್ರವಾಸದ ದಿನ ವಿದ್ಯಾರ್ಥಿನಿ ಸುನಿತಾಳನ್ನು ಬಸ್ಸಿನಿಂದ ಇಳಿಸಿದ್ದು ನನ್ನ ತಪ್ಪು. ಕ್ಷಮೆ ಇರಲಿ. ಇನ್ನು ಹೀಗೆ ಮಾಡುವುದಿಲ್ಲ.’ ಸುಲಭವಾಗಿರಲಿಲ್ಲ, ನಾಲ್ಕು ಹಾಳೆ ಹೋದವು.

ಪಾಲಕರ ಜಾಗದಲ್ಲಿ ಇವರು ಸಹಿ ಹಾಕಿದರು. ರಘೂತ್ತಮ ಎಂದು ಪೂರ್ತಿ ಹೆಸರು. “ಇಷ್ಟು ವರ್ಷದಾಗ ಇದೊಂದ ಕಾಗದಕ್ಕ ನನ್ನ ಸಹಿ ಬೇಕಾತು ನೋಡು” ಅಂದರು. ಆಮೇಲೆ ನನ್ನ ಕೈ ಮೇಲೆ ಕೈ ಇಟ್ಟು ಕುಳಿತರು.

ಆಫೀಸಿಗೆ ಹೋಗಿ ಕೊಟ್ಟು ಬಂದೆ.

ಸೆಪ್ಟೆಂಬರ್ 18

ಪತ್ರ ವಾಪಸ್ ಬಂತು. ಅಡ್ಡಗೆರೆ ಎಳೆದು, ಕೆಂಪು ಶಾಯಿಯಲ್ಲಿ: ‘ಕಾರಣ ಬರೆದಿಲ್ಲ. ತಿದ್ದಿ ತರುವುದು.’

ಇದೂ ನನ್ನದೇ. ಕಾರಣವಿಲ್ಲದ ಕ್ಷಮಾಪತ್ರವನ್ನು ನಾನು ಒಂದು ದಿನವೂ ಒಪ್ಪಿದವಳಲ್ಲ.

ಕೆಳಗೆ ನೀಲಿ ಶಾಯಿಯಲ್ಲಿ: ‘ನಾಲ್ಕನೆಯ ಕಲಮು ತಿದ್ದಿದೆ. ಕಚ್ಚೆ ಸೀರೆಗೆ ಅನುಮತಿ ಇದೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ.’

ಮೊದಲು ಸಿಟ್ಟು ಬಂತು. ಎಪ್ಪತ್ತೆರಡು ವರ್ಷದ ನನಗೆ... ಆಮೇಲೆ ಇಳಿಯಿತು. ಸರಿಯಾಗಿ ತಿದ್ದಿದ್ದಾಳೆ.

ಸೆಪ್ಟೆಂಬರ್ 29

ಕಾರಣ: ಶಾಲೆಯ ಶಿಸ್ತು. — ಹರಿದೆ.

ಕಾರಣ: ಮೇಲಿನವರ ಒತ್ತಡ. — ಯಾರೂ ಒತ್ತಡ ಹಾಕಿರಲಿಲ್ಲ. ಹರಿದೆ.

ಕಾರಣ ಗೊತ್ತಿದೆ. ಬರೆಯಲು ಕೈ ಏಳುತ್ತಿಲ್ಲ. ಬಯಲಿಗೆ ಬಂದರೆ ಮೂವತ್ತು ವರ್ಷದ ಶಿಸ್ತೆಲ್ಲ ಏನಾಗಿತ್ತು ಎಂದು ನಾನೇ ಕೇಳಿಕೊಳ್ಳಬೇಕಾಗುತ್ತದೆ.

ಅಕ್ಟೋಬರ್ 5, ಭಾನುವಾರ

ಪೆಟ್ಟಿಗೆ ತುಂಬಿದೆ. ಕಾಗದ ತುಂಬಿಲ್ಲ. ಇವರು ಅಂದರು — ಅಲ್ಲಿ ಹೋಗಿ ಬರಿ, ಎಲ್ಲಿಗೆ ಓಡಿಹೋಗ್ತಾಳ ಆಕಿ. ಹಾಗಲ್ಲ. ಇದು ಬಸ್ಸಿನ ಹೊರಗೆ ಮುಗಿಯಬೇಕಾದದ್ದು.

ಅಕ್ಟೋಬರ್ 6, ಸೋಮವಾರ, ಬೆಳಗಿನ 6.10

ಬಸ್ಸು ಬಂದಿದೆ. ಇಲ್ಲಿಂದ ಬೆಂಗಳೂರು, ಅಲ್ಲಿಂದ ವಿಮಾನ. ಸುನಿತಾ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಬಟ್ಟೆ ನೋಡಿ ಹತ್ತಿಸಿಕೊಂಡಳು. ಒಬ್ಬರ ಹವಾಯಿ ಚಪ್ಪಲಿ ಬದಲಾಯಿತು. ಇವರ ಕಿಸೆಯಿಂದ ಮಂಕಿ ಟೋಪಿ ಇಣುಕಿತ್ತು, ಒಳಗೆ ತುರುಕಿ ಕಳಿಸಿದಳು. ನನ್ನ ಕಚ್ಚೆ, ಬೂಟು ನೋಡಿ ಹಾದಿ ಬಿಟ್ಟಳು. ಕಾಗದದ ಮಾತು ಎತ್ತಲಿಲ್ಲ.

ನಾನು ಹತ್ತಲಿಲ್ಲ. ಐದು ನಿಮಿಷ ಕೊಡು ಅಂದೆ.

“ಹೊತ್ತಾಕ್ಕತಿ, ಒಳಗ ಬಂದು ಬರೀರಿ ಅಕ್ಕೋರ.”

ಇಲ್ಲ, ಹೊರಗೆ ನಿಂತೇ ಬರೆಯುತ್ತೇನೆ ಅಂದೆ. ಕಟ್ಟೆಯ ಮೇಲೆ ಈ ಪುಸ್ತಕ ಇಟ್ಟು ಬರೆಯುತ್ತಿದ್ದೇನೆ. ಇಪ್ಪತ್ತೊಂದು ಜನ ಕಿಟಕಿಯಿಂದ ನೋಡುತ್ತಿದ್ದಾರೆ. ಥಂಡಿ. ಎಂಜಿನ್ ಚಾಲೂ ಇದೆ. ಕಾಗದಕ್ಕೆ ಬರೆಯುವ ಮೊದಲು ಇಲ್ಲಿ ಬರೆಯಬೇಕು. ಸುಳ್ಳು ಇದ್ದದ್ದು ಇಲ್ಲಿ.

ಕಾರಣ: ಆವತ್ತು ಬಸ್ಸಿನಲ್ಲಿ ಎಡಗಡೆಯ ಮೂರನೆಯ ಕಿಟಕಿಗೆ ಸಂಸ್ಥೆಯ ಚೇರ್ಮನ್ನರ ಮಗಳು ಕುಳಿತಿದ್ದಳು. ನೀಲಿ ಜೀನ್ಸ್ ಪ್ಯಾಂಟು ಹಾಕಿಕೊಂಡು. ಎಲ್ಲ ಹುಡುಗಿಯರೂ ನೋಡಿದ್ದರು, ನಾನೂ ನೋಡಿದ್ದೆ. ಅವಳನ್ನು ಇಳಿಸುವ ಧೈರ್ಯ ನನಗಿರಲಿಲ್ಲ. ನಿಯಮ ಇನ್ನೂ ಇದೆ ಎಂದು ತೋರಿಸಲು ಯಾರನ್ನಾದರೂ ಇಳಿಸಬೇಕಿತ್ತು. ನಿನ್ನನ್ನು ಇಳಿಸಲು ಧೈರ್ಯ ಬೇಕಾಗಿರಲಿಲ್ಲ, ಸುನಿತಾ. ನೇಕಾರರ ಮಗಳು, ಯಾರೂ ಕೇಳಲು ಬರುವುದಿಲ್ಲ ಎಂದು ನನಗೆ ಗೊತ್ತಿತ್ತು.

ಅವಳು ಬಂದು ಪಕ್ಕದಲ್ಲಿ ನಿಂತಿದ್ದಾಳೆ. ಬರೆದಂತೆ ಓದುತ್ತಿದ್ದಾಳೆ. ಓದಲಿ. ಕೆಂಪು ಪೆನ್ನು ಅವಳ ಕೈಯಲ್ಲಿ ಕೊಟ್ಟಿದ್ದೇನೆ. ಇನ್ನೊಂದೇ ಸಾಲು.

ನಿನ್ನ ಲಂಗ ನನಗೆ ನೆನಪಿದೆ. ಬಸ್ಸು ಹೊರಟು ತಿರುವಿನವರೆಗೂ ಹಿಂದಿನ ಗಾಜಿನಲ್ಲಿ ಕಾಣುತ್ತಿತ್ತು. ಎಳೆ ಹಸಿರು ಒಡಲು, ದಡಿಗೆ ಕೆಂಪು ರೇಷ್ಮೆ.