ಹಾಲವಾಣದ ಶಿಲುಬೆ

೧೪-೧೦-೧೯೫೧, ಭಾನುವಾರ

ಸಮಸ್ತ ಸಭಾಸದರೇ, ಮುಂದೆ ಚಾಪೆ ಹಾಸಿ ಕೂತವರೇ, ಹಿಂದೆ ಬಂಡಿ ಏರಿ ನಿಂತವರೇ, ಸದ್ದುಗದ್ದಲ ಬಿಟ್ಟು ಇತ್ತ ಕಿವಿಗೊಡುವಂಥವರಾಗಿ...

ಯಾರೂ ಇಲ್ಲ. ಬ್ರೂಸ್‌ಪೇಟೆಯ ಮನೆ. ಪಡಸಾಲೆಯಲ್ಲಿ ನಾನು, ನನ್ನ ನಾಟಕದ ಸಿಂಹಾಸನ. ಅದರ ಮೇಲೆ ಹೆಂಡತಿ ವಿರೂಪಮ್ಮ ಜೋಳದ ಚೀಲ ಇಟ್ಟಿದ್ದಾಳೆ.

ಎಂದಿನಂತೆ ಎದ್ದೆ. ಸ್ನಾನ, ವಿಭೂತಿ, ಚಹಾ. ಭಾನುವಾರ, ಹಾಗಾಗಿ ಗೆಳೆಯ ಚಿನ್ನಪ್ಪನ ಸಮಾಧಿಗೆ. ಶಿಲುಬೆ ಬಿದ್ದಿತ್ತು. ಎತ್ತಿದರೆ ಕೈಯಲ್ಲೇ ಪುಡಿಯಾಯಿತು. ಒಳಗೆಲ್ಲ ಗೆದ್ದಲು. ಹೊರಗಿನ ಬಣ್ಣ ಮಾತ್ರ ಹಾಗೇ — ತೇಗದ ಗೆರೆ, ಗಂಟು, ಎಲ್ಲ.

ಅಳು ಬರಲಿಲ್ಲ. ಅವನು ಸತ್ತ ಜೂನ್‌ನಲ್ಲೂ ಬಂದಿರಲಿಲ್ಲ. ಕೈ ತೊಳೆದೆ. ಮನೆಗೆ ಬಂದು ಉಂಡೆ.

೧೫-೧೦

ಚಿನ್ನಪ್ಪ ನಮ್ಮ ನಾಟಕ ಕಂಪನಿಯ ಬಡಗಿ. ಗದೆ, ಬಿಲ್ಲು, ರಥದ ಗಾಲಿ — ಏನೇ ಮಾಡಲಿ, ಹಾಲವಾಣದ ಮರ. ಹಗುರ, ಉಳಿಗೆ ಮೆತ್ತಗೆ. ಮೇಲೆ ಬಣ್ಣ ಬಿತ್ತೋ, ತೇಗ ಎಂದರೆ ತೇಗ, ಕಬ್ಬಿಣ ಎಂದರೆ ಕಬ್ಬಿಣ.

ಪ್ರತಿ ಶುಭ ಶುಕ್ರವಾರ ಚರ್ಚಿನ ಅಂಗಳದಲ್ಲಿ ಯೇಸುವಿನ ನಾಟಕ. ಅವನು ಯೇಸು. ಹೊರುವ ಶಿಲುಬೆಯೂ ಅವನದೇ ಕೆಲಸ. ನಾನು ಮರಣದಂಡನೆ ಕೊಡುವ ಪಿಲಾತ. ನಾನೊಮ್ಮೆ ಗರ್ಜಿಸಿದರೆ ಕೋಟೆಗುಡ್ಡ... ಇರಲಿ.

ಜ್ವರದಲ್ಲಿ ಹೋದ. "ಅವ್ರು ಹೊತ್ತ ಶಿಲುಬಿನ ನೆಡ್ರಣ್ಣಾ," ಅಂದಳು ಅವನ ಹೆಂಡತಿ ಪಾರಮ್ಮ. ನಾನೇ ನೆಟ್ಟೆ. ಅವನು ಬಣ್ಣ ಹಚ್ಚುವಾಗ ಪಕ್ಕದಲ್ಲಿ ಕೂತು ಬೀಡಿ ಸೇದಿದವನು ನಾನು. ಆದರೂ ಅವತ್ತು ಕಣ್ಣಿಗೆ ಕಂಡದ್ದು ತೇಗ. ಮಳೆಗಾಲಕ್ಕೆ ಹಾಲವಾಣ ನಿಲ್ಲುವುದಿಲ್ಲ ಎಂಬುದು ನೆನಪಾಗಲೇ ಇಲ್ಲ.

ನವೆಂಬರ್ ಎರಡು ಅವರಲ್ಲಿ ಸತ್ತವರ ದಿನ. ಪಾರಮ್ಮ ಸಿರುಗುಪ್ಪದ ತವರಿನಿಂದ ಬರುತ್ತಾಳೆ, ಸಮಾಧಿಗೆ ಮೇಣದಬತ್ತಿ ಹಚ್ಚಲು. ಅಷ್ಟರೊಳಗೆ ಹೊಸದು ನಿಲ್ಲಬೇಕು. ಯಾವ ಮರ?

೧೮-೧೦, ಸಂಜೆ

ಪರದೇಶದಿಂದ ಬಂದ ಚರ್ಚಿನ ಫಾದರ್ ಅವರನ್ನೇ ಕೇಳಿದೆ. ನಿಜವಾದ ಶಿಲುಬೆ ಯಾವ ಮರದ್ದು?

"ಬೈಬಲ್ ಹೇಳಲ್ಲ, ಗಾದಿಲಿಂಗಪ್ಪ. ಹಿಂದಿನವರು ಮೂರು ಮರ ಸೇರಿಸಿದ್ದು ಅಂತಾರೆ — ದೇವದಾರು, ಸೈಪ್ರಸ್, ಪೈನ್. ನಮ್ಮ ದೇಶದಲ್ಲಿ ಒಂದು ಮರ ಇದೆ. ಎಲೆ ಸುಮ್ನೆ ನಡುಗ್ತಾ ಇರುತ್ತೆ. ಶಿಲುಬೆಗೆ ಮೈ ಕೊಟ್ಟ ನಾಚಿಕೆ ಅಂತ ನಮ್ಮಜ್ಜಿ ಹೇಳೋರು."

"ನಮ್ಮ ಅರಳೀನೂ ನಡುಗತೈತ್ರಿ."

"ಅದಕ್ಕೆ ಕೊಡಲಿ ಹಾಕಬೇಡಪ್ಪಾ. ಊರು ನನ್ನೂ ನಿನ್ನೂ ಒಂದೇ ಗುಂಡಿಗೆ ಹಾಕುತ್ತೆ." ನಕ್ಕರು. ನಾನೂ ನಗಬೇಕಿತ್ತು. "ಗಟ್ಟಿ ಇರೋದು ಹಾಕು. ಸಾಕು."

೨೧-೧೦

ಕುರುಗೋಡು. ಬಡಗಿ ಎರ್ರೆಪ್ಪನ ಅಂಗಡಿ. ಚಿನ್ನಪ್ಪ ಮರ ಕೊಳ್ಳುತ್ತಿದ್ದದ್ದು ಇಲ್ಲೇ.

"ಬೇವಿನಾಗ ನಮ್ಮವ್ವ ಅದಾಳ, ಕಡಿಯಂಗಿಲ್ಲ. ಹುಣಸ್ಯಾಗ ದೆವ್ವ. ಜಾಲಿ ಐತಿ, ಆದ್ರ ನಿಮ್ಮ ಕಂಪನಿ ಲೆಕ್ಕದಂಗ ಸೊಟ್ಟ ಐತಿ, ಮಾರಾಜ್ರ."

"ತೇಗ?"

"ತೇಗ ಇದ್ರ ನಾ ಯಾಕ ಗುದ್ದಲಿ ಕಾವು ಹೆರಕಂತ ಕುಂದರ್ಲಿ? ನಿಮ್ಮ ಮನ್ಯಾಗ ಐತಲ್ಲ, ಸಿಂಹಾಸನ."

"ಅದೂ ಹಾಲವಾಣ. ಬಣ್ಣ."

"ಹಾಲವಾಣದ ಮ್ಯಾಲ ನೀವು ಕುಂತಿದ್ರ ನಿಮ್ಮ ರಾಜ್ಯ ಒಂದ ಅಂಕಕ್ಕ ಮುಗೀತಿತ್ತು. ಹಳೇ ಬಾಗ್ಲದ ತೇಗ ನನ್ನ ಕಡಿಂದನ ಒಯ್ದಾನ ಚಿನ್ನಪ್ಪ."

ಮನೆಗೆ ಬಂದೆ. ಸಿಂಹಾಸನದ ಕಾಲಿನ ಅಡಿಯಲ್ಲಿ ಚಾಕುವಿನಿಂದ ಕೆರೆದೆ. ಬಂಗಾರದ ಬಣ್ಣದ ಕೆಳಗೆ ತೇಗ.

ಇಷ್ಟು ಭಾರ ಯಾಕಲೇ ಎಂದು ಒಮ್ಮೆ ಚಿನ್ನಪ್ಪನಿಗೆ ಬೈದಿದ್ದೆ. "ನಾ ಹೊರಾದು ಹಗೂರಿರ್ಲಿ, ನೀ ಕುಂದ್ರಾದು ಗಟ್ಟಿ ಇರ್ಲಿ," ಅಂದಿದ್ದ. ನನ್ನ ಹೊಟ್ಟೆಯ ಮೇಲಿನ ತಮಾಷೆ ಅಂದುಕೊಂಡು ನಕ್ಕಿದ್ದೆ.

ಚೀಲ ಮತ್ತೆ ಅಲ್ಲೇ ಇಟ್ಟೆ.

೨೭-೧೦

ಸಿರುಗುಪ್ಪ. ಕಂಟ್ರಾಕ್ಟರು ಕರೆಸಿದ್ದರು. ಮುಂದಿನ ತಿಂಗಳು ನಾಟಕ, ರಾಜಾಪಾರ್ಟು ನನಗೇ. ಸಿಂಹಾಸನ ನಾನೇ ತರಬೇಕು. ಆಗಲಿ ಎಂದೆ. ಐದು ತಿಂಗಳಿಂದ ಮುಖಕ್ಕೆ ಬಣ್ಣ ಹಚ್ಚಿಲ್ಲ.

ಪಾರಮ್ಮನ ಮನೆ ಅದೇ ಓಣಿ. ಹೇಳಿಬಿಡಬೇಕೆಂದೇ ಹೋದೆ. ನೀರು ಕೊಟ್ಟಳು.

"ಶಿಲುಬಿ ಹೆಂಗೈತಣ್ಣಾ?"

"ನೆಟ್ಟಗೈತಿ ತಂಗಿ. ಸಿಡ್ಲು ಬಡಿದ್ರೂ ಅಲುಗಾಡಂಗಿಲ್ಲ." ಪಿಲಾತನ ಧ್ವನಿ. ತಾನಾಗಿ ಬಂತು.

"ಅದನ್ನ ಮುಟ್ಟಾಕ ಬರ್ತೀನಿ ನಾನು. ಮಣ್ಣಾಗ ಏನೈತಿ. ಅವ್ರ ಕೈ ಆಡಿದ್ದು ಅದರ ಮ್ಯಾಲ."

ನೀರು ಕುಡಿದೆ. ಬಸ್ಸು ಹಿಡಿದೆ.

೩೧-೧೦

ಎರ್ರೆಪ್ಪ ಗರಗಸ ತಂದ. ವಿರೂಪಮ್ಮ ತಾನೇ ಸಿಂಹಾಸನದ ಮೇಲಿನ ಚೀಲ ಎತ್ತಿಟ್ಟಳು.

"ಸಿರುಗುಪ್ಪದಾಗ ಎದರ ಮ್ಯಾಲ ಕುಂದರ್ತೀರಿ?"

"ನಿಂತು ಆಳ್ತೀನಿ."

"ಮಣಕಾಲು ನೋವು ಅಂತೀರಿ."

ಒಂದು ತುದಿ ಎರ್ರೆಪ್ಪ, ಒಂದು ತುದಿ ನಾನು. ಉದ್ದಕ್ಕೆ ಬೆನ್ನಿನ ಹಲಗೆ, ಅಡ್ಡಕ್ಕೆ ಕೈಯಾಸರೆ. ಚಿನ್ನಪ್ಪನ ಉಳಿಯ ಗುರುತು ಹಿಂಬದಿಯಲ್ಲಿ ಹಾಗೇ ಇತ್ತು. ಅದನ್ನು ಉಜ್ಜಬೇಡ ಎಂದೆ. ಗರಗಸದ ಹೊಟ್ಟು ಮೂಗಿಗೆ ಹೋಗಿ ಕಣ್ಣಲ್ಲಿ ನೀರು ಬಂತು. ಹೊಟ್ಟಿಗೆ.

೧-೧೧, ಗುರುವಾರ

ನೆಟ್ಟು ಬಂದೆ. ಬುಡಕ್ಕೆ ಟಾರು ಬಳಿದಿದ್ದೇನೆ. ಬಣ್ಣ ಹಚ್ಚಿಲ್ಲ. ಒಂದು ಮೂಲೆಯಲ್ಲಿ ಸಿಂಹಾಸನದ ಬಂಗಾರ ಉಗುರಿನಷ್ಟು ಉಳಿದಿದೆ. ಅವಳು ನೋಡಿದ ಕೂಡಲೇ ಇದು ಆ ಶಿಲುಬೆಯಲ್ಲ ಎಂದು ತಿಳಿಯುತ್ತದೆ. ಕೆರೆಯಲು ಹೋದೆ. ಬಿಟ್ಟೆ.

ನಾಳೆ ಬೆಳಿಗ್ಗೆ ಬಸ್‌ಸ್ಟ್ಯಾಂಡಿಗೆ ಹೋಗುತ್ತೇನೆ. ಸಿರುಗುಪ್ಪದ ಮೊದಲ ಬಸ್ಸು. ಅವಳು ಸಮಾಧಿ ಮುಟ್ಟುವ ಮೊದಲೇ, ಅಲ್ಲೇ ನಿಲ್ಲಿಸಿ ಹೇಳುತ್ತೇನೆ. ಪಿಲಾತನ ಧ್ವನಿ ಬೇಡ. ಮೆಲ್ಲಗೆ. ತಂಗಿ, ಅವತ್ತು ನಾ ನಿನಗ ಹೇಳಿದ್ದು —